ಅಡಿಕೆ ಮರ ನೆಟ್ಟಗೆ ನಿಲ್ಲಬೇಕು: ಒಂದು ಹಳೆ ತಿದಿ ಕ್ಯಾಮೆರಾದ ರಿಪೇರಿ

ನಮ್ಮ ಮನೆ ಸಾಗರದಿಂದ ಇಕ್ಕೇರಿಗೆ ಹೋಗುವ ದಾರಿಯ ಕಡೆ. ಮನೆ ಹಿಂದೆಯೇ ತೋಟ. ಈ ತೋಟದ ಒಂದು ಒಳ್ಳೆಯ ಫೋಟೋ ತೆಗೆಯಬೇಕು ಅಂತ ಹತ್ತು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ. ಪ್ರತಿ ಸಲವೂ ಒಂದೇ ತೊಂದರೆ. ಮರದ ತುದಿ ಸೇರಿಸಲು ಕ್ಯಾಮೆರಾದ ಮುಖ ಮೇಲೆತ್ತಿದ ಕೂಡಲೇ ಮರಗಳೆಲ್ಲ ಒಳಕ್ಕೆ ವಾಲುತ್ತವೆ. ತುದಿಗಳು ಒಂದಕ್ಕೊಂದು ತಾಗುವ ಹಾಗೆ ಕಾಣುತ್ತವೆ. ತೋಟ ಹಾಗಿಲ್ಲ, ಅಲ್ವಾ? ತೋಟದೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದೇ ಆ ನೆಟ್ಟನೆಯ ಗೆರೆಗಳು. ಅವು ಬರದಿದ್ದರೆ ತೋಟ ಬಂದ ಹಾಗೇ ಅಲ್ಲ.

ಕಾರಣ ಸರಳ. ಫಿಲ್ಮ್ ಮರಕ್ಕೆ ಸಮಾನಾಂತರವಾಗಿ ನಿಂತಿದ್ದರೆ ಮರದ ಗೆರೆಗಳು ಫಿಲ್ಮಿನ ಮೇಲೂ ಸಮಾನಾಂತರವಾಗಿಯೇ ಬೀಳುತ್ತವೆ. ಕ್ಯಾಮೆರಾ ಮೇಲೆತ್ತಿದರೆ ಅದರ ಜೊತೆ ಫಿಲ್ಮೂ ವಾಲುತ್ತದೆ. ಗೆರೆಗಳು ಕೂಡಿಕೊಳ್ಳುವುದು ಆಗ. ಕಂಪ್ಯೂಟರಿನಲ್ಲಿ ಎಳೆದು ನೇರ ಮಾಡಬಹುದು. ಆದರೆ ಹಾಗೆ ಎಳೆದಾಗ ತುದಿಯ ಗರಿಗಳು ಹಿಗ್ಗುತ್ತವೆ, ಅಲ್ಲಿನ ಸಣ್ಣ ವಿವರ ತೆಳುವಾಗುತ್ತದೆ. ನನಗೆ ಬೇಕಾಗಿದ್ದು ನೆಗೆಟಿವ್‌ನಲ್ಲೇ ನೇರವಾಗಿ ನಿಂತ ಮರ.

ಅದಕ್ಕೆ ಇರುವ ಸಾಧನ ವ್ಯೂ ಕ್ಯಾಮೆರಾ. ಇದರಲ್ಲಿ ಲೆನ್ಸಿಗೆ ಒಂದು ಚೌಕಟ್ಟು, ಫಿಲ್ಮಿಗೆ ಇನ್ನೊಂದು. ಎರಡರ ನಡುವೆ ಮಡಿಕೆ ಮಡಿಕೆಯ ತಿದಿ. ಎರಡೂ ಬೇರೆ ಬೇರೆಯಾಗಿ ಅಲುಗಾಡಬಲ್ಲವು. ಫಿಲ್ಮನ್ನು ನೆಟ್ಟಗೆ ಬಿಟ್ಟು ಲೆನ್ಸನ್ನು ಮಾತ್ರ ಮೇಲೇರಿಸಿದರೆ ಮರದ ತುದಿ ಚಿತ್ರದೊಳಗೆ ಇಳಿದು ಬರುತ್ತದೆ. ಮರ ವಾಲುವುದಿಲ್ಲ. ಇದಕ್ಕೆ ರೈಸ್ ಅನ್ನುತ್ತಾರೆ. ಕೆಳಗಿಳಿಸಿದರೆ ಫಾಲ್, ಪಕ್ಕಕ್ಕೆ ಸರಿಸಿದರೆ ಶಿಫ್ಟ್, ಮುಂದೆ ಹಿಂದೆ ಬಾಗಿಸಿದರೆ ಟಿಲ್ಟ್, ಬಾಗಿಲಿನ ಹಾಗೆ ತಿರುಗಿಸಿದರೆ ಸ್ವಿಂಗ್. ಎಲ್ಲ ಸೇರಿ ಮೂವ್‌ಮೆಂಟ್.

ಯಾವ ಕ್ಯಾಮೆರಾ?

ಮೊದಲು ಹೊಸದನ್ನೇ ಕೊಳ್ಳುವ ಯೋಚನೆ ಇತ್ತು. ಸ್ವಿಟ್ಜರ್ಲೆಂಡಿನ ಸಿನಾರ್ ತರಹದ ಮೊನೊರೈಲ್, ಅಂದರೆ ಒಂದೇ ಕಂಬಿಯ ಮೇಲೆ ಚೌಕಟ್ಟುಗಳು ಕೂರುವ, ಕ್ಯಾಮೆರಾಗಳಲ್ಲಿ ಎರಡೂ ಚೌಕಟ್ಟಿಗೆ ಎಲ್ಲ ಮೂವ್‌ಮೆಂಟೂ ಇರುತ್ತದೆ. ಸ್ಟುಡಿಯೋದಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಅದನ್ನು ಹೊತ್ತು ಕವಲೇದುರ್ಗ ಹತ್ತುವುದು ಕಷ್ಟ. ಸ್ಪೀಡ್ ಗ್ರಾಫಿಕ್ ತರಹದ ಹಳೆ ಪ್ರೆಸ್ ಕ್ಯಾಮೆರಾ ಗಟ್ಟಿ, ಮಡಚಬಹುದು. ಆದರೆ ಅದರ ಮೂವ್‌ಮೆಂಟ್ ತೀರ ಕಡಿಮೆ. ಇಂಗ್ಲೆಂಡಿನ ಇಂಟ್ರೆಪಿಡ್, ಚೀನಾದ ಶಮೊನಿ ಮಾಡುವ, ಮಡಚಿ ಹೊತ್ತೊಯ್ಯಬಹುದಾದ ಹಗುರ ಫೀಲ್ಡ್ ಕ್ಯಾಮೆರಾಗಳು ನನ್ನ ಕೆಲಸಕ್ಕೆ ಸರಿಯಾಗಿದ್ದವು. ಯಾರಾದರೂ ಕೇಳಿದರೆ ಈಗಲೂ ಅವನ್ನೇ ಹೇಳುತ್ತೇನೆ. ಏನೇ ಕೊಳ್ಳಿ, ಮೂವ್‌ಮೆಂಟಿನ ಪಟ್ಟಿ ನೋಡಿ ಮರುಳಾಗಬೇಡಿ. ನೀವು ತೆಗೆಯುವುದು ಏನು ಅಂತ ಮೊದಲು ನೋಡಿ. ನಮ್ಮ ಕಡೆ ಎಲ್ಲವೂ ಎತ್ತರ: ಅಡಿಕೆ ಮರ, ದೇವಸ್ಥಾನ, ಕಾಡಿನ ಮರ. ಹಾಗಾಗಿ ರೈಸ್ ಬೇಕೇ ಬೇಕು. ಎರಡನೆಯದು ಮುಂದಿನ ಟಿಲ್ಟ್. ಉಳಿದದ್ದು ಇದ್ದರೆ ಒಳ್ಳೆಯದು.

ಅಷ್ಟರಲ್ಲಿ ಊರಲ್ಲಿ ಒಂದು ಹಳೆ ಸ್ಟುಡಿಯೋ ಬಾಗಿಲು ಹಾಕಿತು. ಅಟ್ಟದ ಮೇಲೆ ಸಾಗುವಾನಿಯ ಒಂದು ಹಾಫ್‌ಪ್ಲೇಟ್ ಕ್ಯಾಮೆರಾ ಇತ್ತು. ಹಾಫ್‌ಪ್ಲೇಟ್ ಅಂದರೆ ಆರೂವರೆ ಇಂಚಿಗೆ ನಾಲ್ಕೂ ಮುಕ್ಕಾಲು ಇಂಚು. ಹಿತ್ತಾಳೆಯ ತಿರುಪು, ಹರಿದ ತಿದಿ, ಮೇಲೆಲ್ಲ ಬೂಷ್ಟು. ತಯಾರಿಸಿದವರ ಹೆಸರು ಎಲ್ಲೂ ಇಲ್ಲ. ನಮ್ಮ ದೇಶದಲ್ಲೂ ಇಂಥ ಕ್ಯಾಮೆರಾ ಮಾಡುತ್ತಿದ್ದರು. ಕೇರಳದ ಆಲಪ್ಪುಳದ ವಾಗೀಶ್ವರಿ ಕ್ಯಾಮೆರಾ ಅದರಲ್ಲಿ ದೊಡ್ಡ ಹೆಸರು. 1940ರ ದಶಕದಲ್ಲಿ ಶುರುವಾಗಿ ದಶಕಗಳ ಕಾಲ ದೇಶದ ಸ್ಟುಡಿಯೋಗಳಿಗೆ ಹೋಯಿತು. ಅದನ್ನು ಮಾಡಿದ್ದು ಸಂಗೀತ ವಾದ್ಯ ರಿಪೇರಿ ಮಾಡುತ್ತಿದ್ದ ಮನೆಯವರು. ಇದು ಮುಂದೆ ನನಗೆ ದಾರಿ ತೋರಿಸಿತು.

ನನ್ನ ಪೆಟ್ಟಿಗೆಯಲ್ಲಿ ಏನಿತ್ತು, ಏನಿರಲಿಲ್ಲ ಅಂತ ಬರೆದುಕೊಂಡೆ. ಹಿಂದಿನ ಚೌಕಟ್ಟಿಗೆ ಟಿಲ್ಟ್, ಸ್ವಿಂಗ್ ಎರಡೂ ಇತ್ತು. ಮುಂದಿನದಕ್ಕೆ ರೈಸ್ ಮಾತ್ರ, ಅದೂ 20 ಮಿ.ಮೀ. ಆದ ಮೇಲೆ ಮರದ ತಡೆ ಸಿಗುತ್ತಿತ್ತು. ಮುಂದಿನ ಟಿಲ್ಟ್ ಇಲ್ಲ, ಶಿಫ್ಟ್ ಇಲ್ಲ.

ಮಳೆಗಾಲದಲ್ಲಿ ಮರ ಕೆತ್ತಬಾರದು

ಕ್ಯಾಮೆರಾ ಮನೆಗೆ ಬಂದಿದ್ದು ಮೃಗಶಿರಾ ಮಳೆಯಲ್ಲಿ. ಆರಿದ್ರಾ ಹೊತ್ತಿಗೆ ಪೂರ್ತಿ ಬಿಚ್ಚಿದೆ. ಹಿತ್ತಾಳೆ ತಿರುಪುಗಳು ಮರಕ್ಕೆ ಕಚ್ಚಿಕೊಂಡಿದ್ದವು. ಬಲ ಹಾಕಿದರೆ ತಲೆಯ ಗಾಡಿ, ಅಂದರೆ ಅಲ್ಲಿ ಕೊರೆದ ಸೀಳು, ಕಿತ್ತು ಹೋಗುತ್ತದೆ. ಬೆಸುಗೆ ಹಾಕುವ ಸಾಲ್ಡರಿಂಗ್ ಕಡ್ಡಿಯನ್ನು ತಿರುಪಿನ ತಲೆಗೆ ಒಂದು ನಿಮಿಷ ಒತ್ತಿ ಹಿಡಿದು, ಆರಲು ಬಿಟ್ಟು, ಆಮೇಲೆ ತಿರುಗಿಸಿದೆ. ಒಂದೊಂದಾಗಿ ಬಂದವು. ಯಾವ ತಿರುಪು ಎಲ್ಲಿಯದು ಅಂತ ಗುರುತು ಹಾಕಿ ಮೊಟ್ಟೆಯ ಟ್ರೇಯಲ್ಲಿ ಇಟ್ಟೆ. ಹಳೆ ತಿರುಪುಗಳು ಅಳತೆಯಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ಕೆಳಗಿನ ಹಲಗೆಯಲ್ಲಿ ಚೌಕಟ್ಟು ಹಿಂದೆ ಮುಂದೆ ಜಾರುವ ಸೀಳು, ಅಂದರೆ ಜಾರು ಗಾಡಿ, ಬಿಗಿದು ಕೂತಿತ್ತು. ಉಳಿ ಹಿಡಿದು ಅರ್ಧ ಮಿ.ಮೀ. ತೆಗೆಯೋಣ ಅಂತ ಹೊರಟಿದ್ದೆ. ಊರಿನ ಆಚಾರಿಯೊಬ್ಬರು ನೋಡಿ ಬೇಡ ಅಂದರು. "ಈಗ ಮರ ನೀರು ಕುಡಿದಿದೆ. ಈಗ ತೆಗೆದರೆ ಶಿವರಾತ್ರಿ ಹೊತ್ತಿಗೆ ಲೊಡಲೊಡ ಅನ್ನುತ್ತದೆ" ಅಂದರು. ಅವರ ಮಾತು ಪೂರ್ತಿ ನಿಜ. ಮರ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ. ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ. ಸಾಗುವಾನಿ ಉಳಿದ ಮರಗಳಿಗಿಂತ ಕಡಿಮೆ ಹಿಗ್ಗುತ್ತದೆ. ಬ್ರಿಟಿಷ್ ಕಂಪನಿಗಳು ಬಿಸಿ ದೇಶಗಳಿಗೆ ಅಂತ ಸಾಗುವಾನಿ ಮತ್ತು ಹಿತ್ತಾಳೆಯ ಕ್ಯಾಮೆರಾ ಮಾಡುತ್ತಿದ್ದದ್ದು ಅದಕ್ಕೇ. ಕಡಿಮೆ ಅಂದರೂ ಮಲೆನಾಡಿನ ಜಡಿಮಳೆಗೆ ಅದೂ ಬಗ್ಗುತ್ತದೆ. ಮರದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆ. ಮಳೆಗಾಲಕ್ಕೆ ತಿದಿಯ ಕೆಲಸ ಇಟ್ಟುಕೊಂಡೆ.

ತಿದಿ

ಹಳೆ ತಿದಿಯನ್ನು ಬಿಸಾಡಲಿಲ್ಲ. ಅದನ್ನು ಬಿಚ್ಚಿ ಹಾಸಿದಾಗ ಎಲ್ಲ ಅಳತೆಯೂ ಅದರಲ್ಲೇ ಸಿಕ್ಕಿತು. ಮೂರು ಪದರ: ಹೊರಗೆ ತೆಳು ಚರ್ಮ, ನಡುವೆ ದಪ್ಪ ಕಾಗದದ ಪಟ್ಟಿಗಳು, ಒಳಗೆ ಕಪ್ಪು ಬಟ್ಟೆ. ಅಂಟಿಸಿದ್ದು ಹಿಟ್ಟಿನ ಅಂಟಿನಿಂದ. ಜಿರಲೆಗಳು ಅದನ್ನೇ ತಿಂದಿದ್ದವು. ನಮ್ಮ ಕಡೆ ಮೈದಾ ಅಂಟನ್ನು ಯಾವ ಕಾರಣಕ್ಕೂ ಬಳಸಬೇಡಿ.

ಎಷ್ಟು ಉದ್ದ ಬೇಕು ಅಂತ ಲೆಕ್ಕ ಹಾಕಿದೆ. ನಾನು ಬಳಸುವ ಲೆನ್ಸಿನ ಫೋಕಲ್ ಲೆಂತ್ 150 ಮಿ.ಮೀ. ದೂರದ ವಸ್ತುವಿಗೆ ತಿದಿ 150 ಮಿ.ಮೀ. ಚಾಚಿದರೆ ಸಾಕು. ವಸ್ತುವಿನ ಅಳತೆಯಷ್ಟೇ ದೊಡ್ಡ ಚಿತ್ರ ಬೇಕಾದರೆ ಎರಡರಷ್ಟು, ಅಂದರೆ 300 ಬೇಕು. ಮುಂದೆ 210ರ ಲೆನ್ಸ್ ತಂದರೂ ಇರಲಿ ಅಂತ 400 ಇಟ್ಟುಕೊಂಡೆ. ತಿದಿಯನ್ನು ಪೂರ್ತಿ ಎಳೆದು ಬಿಗಿ ಮಾಡಬಾರದು. ಬಟ್ಟೆಯ ಉದ್ದದ ಐದರಲ್ಲಿ ನಾಲ್ಕು ಪಾಲು ಮಾತ್ರ ಎಳೆಯಬಹುದು ಅಂತ ಹಿಡಿದೆ. ಹಾಗಾಗಿ 500 ಮಿ.ಮೀ. ಬಟ್ಟೆ, 15 ಮಿ.ಮೀ. ಅಗಲದ ಮಡಿಕೆ, ಒಟ್ಟು 33 ಮಡಿಕೆ. ಹಿಂದಿನ ಬಾಯಿ 190 ಮಿ.ಮೀ., ಮುಂದಿನದು 110.

ಹೊರಗಿನ ಬಟ್ಟೆಯನ್ನು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹುಡುಕಿದೆ. ಒಂದು ಮುಖಕ್ಕೆ ರಬ್ಬರ್ ಲೇಪಿಸಿದ ತೆಳು ಕಪ್ಪು ಬಟ್ಟೆ ಸಿಕ್ಕಿತು. ಅಂಗಡಿಯಲ್ಲೇ ಮೊಬೈಲ್ ಟಾರ್ಚ್ ಹಚ್ಚಿ ಬಟ್ಟೆಯ ಹಿಂದೆ ಹಿಡಿದು ನೋಡಿ. ಚುಕ್ಕೆ ಬೆಳಕು ಕಂಡರೂ ಬೇಡ. ಪಟ್ಟಿಗೆ ಸುಮಾರು 0.4 ಮಿ.ಮೀ. ದಪ್ಪದ ಕಾಗದ. ಪಟ್ಟಿ ಪಟ್ಟಿಯ ನಡುವೆ 2 ಮಿ.ಮೀ. ಜಾಗ ಬಿಡಬೇಕು. ಮಡಿಕೆ ಬೀಳುವುದು ಆ ಜಾಗದಲ್ಲೇ. ಅಂಟಿಗೆ ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಗಮ್.

ಅಂಟಿಸುವುದು ಸುಲಭ. ಮಡಚುವುದರಲ್ಲಿ ಸೋತೆ. ನಾಲ್ಕು ಮೂಲೆಗಳಲ್ಲಿ ಮಡಿಕೆ ಒಂದು ಬದಿಗೆ ಒಳಗೆ, ಪಕ್ಕದ ಬದಿಗೆ ಹೊರಗೆ ಹೋಗಬೇಕು. ನನ್ನ ಮೊದಲ ತಿದಿ ಮೂಲೆಯಲ್ಲಿ ಉಬ್ಬಿ ನಿಂತಿತು. ಆಗ ವಾಗೀಶ್ವರಿಯ ಕಥೆ ನೆನಪಾಯಿತು. ನಾಟಕ, ಭಜನೆಗಳಿಗೆ ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರೊಬ್ಬರು ಹತ್ತಿರದಲ್ಲೇ ಇದ್ದಾರೆ. ಅವರ ಹತ್ತಿರ ಒಯ್ದೆ. ಅವರು ಕ್ಯಾಮೆರಾದ ತಿದಿ ನೋಡಿದ್ದು ಅದೇ ಮೊದಲು. ಆದರೂ ಒಂದೇ ನೋಟಕ್ಕೆ ತಪ್ಪು ಹಿಡಿದರು. ಮೂಲೆಯಲ್ಲಿ ಪಟ್ಟಿಗಳ ತುದಿಯನ್ನು ನಾನು ಚೌಕವಾಗಿ ಕತ್ತರಿಸಿದ್ದೆ. ಅದನ್ನು ಓರೆಯಾಗಿ ಕತ್ತರಿಸಿ, ಮೂಲೆಯಲ್ಲಿ ಬರಿ ಬಟ್ಟೆ ಉಳಿಸಬೇಕಿತ್ತು. ಎರಡನೆಯ ತಿದಿಯನ್ನು ಅವರೇ ಮಡಚಿದರು. ಅಗಲದ ಕಡೆಯಿಂದ ಶುರು ಮಾಡಿ, ಹೆಬ್ಬೆರಳಲ್ಲಿ ಮೂಲೆ ಚಿವುಟುತ್ತ, ಒಂದು ಮಡಿಕೆ ಮುಗಿದ ಮೇಲೆ ಇನ್ನೊಂದು. ಒಂದೂವರೆ ಗಂಟೆ ಹಿಡಿಯಿತು. ಮನೆಗೆ ತಂದು ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಗುಂಡುಕಲ್ಲು ಹೇರಿ ಮೂರು ದಿನ ಬಿಟ್ಟೆ. ತೆಗೆದಾಗ ಪೂರ್ತಿ ಮಡಚಿದ ದಪ್ಪ ನಾಲ್ಕು ಬೆರಳು ಕೂಡ ಇರಲಿಲ್ಲ. ಅವರ ಕೈಯ ಆ ತಿದಿ ಎಷ್ಟು ಚೆಂದ ಉಸಿರಾಡುತ್ತದೆ ಅಂದರೆ, ನಾನು ಈಗಲೂ ಸುಮ್ನೆ ಒಮ್ಮೊಮ್ಮೆ ಎಳೆದು ಬಿಡುತ್ತೇನೆ.

ರಾತ್ರಿ ಬಚ್ಚಲುಮನೆಯ ಕತ್ತಲಲ್ಲಿ ಒಳಗೆ ಎಲ್‌ಇಡಿ ದೀಪ ಇಟ್ಟು ನೋಡಿದೆ. ಮೂರು ಮೂಲೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು. ಕಪ್ಪು ಫ್ಯಾಬ್ರಿಕ್ ಪೇಂಟಿಗೆ ಲ್ಯಾಟೆಕ್ಸ್ ಗಮ್ ಬೆರೆಸಿ ಒಳಗಿನಿಂದ ಹಚ್ಚಿದೆ. ಬರಿ ಪೇಂಟ್ ಹಚ್ಚಿದರೆ ಮಡಚಿದಾಗ ಒಡೆಯುತ್ತದೆ.

ಟಿಲ್ಟ್ ಹಾಕಿದ್ದು ರೈಸಿಗಾಗಿ

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಭಾಗ ಇದು.

20 ಮಿ.ಮೀ. ರೈಸ್ ನನಗೆ ಸಾಲದು. ಮರದ ತಡೆಯನ್ನು ಕತ್ತರಿಸಿದರೆ ಚೌಕಟ್ಟೇ ಸಡಿಲವಾಗುತ್ತದೆ. ಆದರೆ ಇನ್ನೊಂದು ದಾರಿ ಇದೆ. ಕ್ಯಾಮೆರಾದ ಕೆಳಹಲಗೆಯನ್ನೇ 10 ಡಿಗ್ರಿ ಮೇಲೆತ್ತಿ. ಈಗ ಎರಡೂ ಚೌಕಟ್ಟು ಹಿಂದಕ್ಕೆ ವಾಲುತ್ತವೆ. ಹಿಂದಿನದನ್ನು ಟಿಲ್ಟ್ ಮಾಡಿ ನೆಟ್ಟಗೆ ತನ್ನಿ. ಮುಂದಿನದನ್ನೂ ನೆಟ್ಟಗೆ ತನ್ನಿ. ಫಿಲ್ಮ್ ನೆಟ್ಟಗಿದೆ, ಲೆನ್ಸ್ ನೆಟ್ಟಗಿದೆ, ಆದರೆ ಲೆನ್ಸ್ ಈಗ ಮೇಲಿದೆ. 150 ಮಿ.ಮೀ. ದೂರಕ್ಕೆ 10 ಡಿಗ್ರಿಯ ಏರು ಅಂದರೆ 26 ಮಿ.ಮೀ. ಮೊದಲಿನ 20 ಸೇರಿಸಿದರೆ 46. ಇದಕ್ಕೆ ಬೇಕಾಗಿದ್ದು ಒಂದೇ: ಮುಂದಿನ ಚೌಕಟ್ಟಿಗೆ ಟಿಲ್ಟ್.

ಇದೇ ಹಳೆ ಯೋಚನೆಯನ್ನು ಇಂಗ್ಲೆಂಡಿನ ಕೇಂಬ್ರಿಜ್‌ನ ಒಬ್ಬ ಮರಗೆಲಸದವರು ಮಾಡಿದ್ದರು. ಫ್ರೆಡರಿಕ್ ಸ್ಯಾಂಡರ್ಸನ್ ಅಂತ. ಅವರಿಗೆ ಹಳೆ ಕಟ್ಟಡಗಳ ಫೋಟೋ ತೆಗೆಯುವ ಆಸೆ. ಇದ್ದ ಕ್ಯಾಮೆರಾಗಳ ರೈಸ್ ಸಾಲುತ್ತಿರಲಿಲ್ಲ. ಲೆನ್ಸ್ ಹಲಗೆಯ ಎರಡೂ ಪಕ್ಕಕ್ಕೆ ಉದ್ದ ಗಾಡಿ ಕೊರೆದ ಹಿತ್ತಾಳೆ ತೋಳುಗಳನ್ನು ಹಾಕಿ 1895ರಲ್ಲಿ ಪೇಟೆಂಟ್ ತೆಗೆದುಕೊಂಡರು. ಏರಿಸುವುದು, ಬಾಗಿಸುವುದು ಎರಡೂ ಅದೇ ತೋಳಿನಲ್ಲಿ. ನಾನು ಮಾಡಿಸಿದ್ದು ಅದರ ಸರಳ ರೂಪ. 3 ಮಿ.ಮೀ. ದಪ್ಪದ ಹಿತ್ತಾಳೆ ಪಟ್ಟಿ, ಪಕ್ಕಕ್ಕೊಂದು. ನಡುವೆ ಒಂದು ತೂತು, ಅದೇ ತಿರುಗುವ ಕೀಲು. ಮೇಲೆ ಕಮಾನಿನ ಹಾಗೆ ಒಂದು ಗಾಡಿ, ಅದರಲ್ಲಿ ಬಿಗಿಯುವ ನಟ್ಟು. ಶಿವಮೊಗ್ಗದ ಒಂದು ಲೇತ್ ಅಂಗಡಿಯಲ್ಲಿ ಕೊರೆಸಿದೆ. ಕೀಲು ಲೆನ್ಸಿನ ನಡುಮಟ್ಟದಲ್ಲೇ ಇರಬೇಕು. ಕೆಳಗಿದ್ದರೆ ಬಾಗಿಸಿದಾಗಲೆಲ್ಲ ಲೆನ್ಸ್ ಮುಂದೆ ಸರಿದು ಫೋಕಸ್ ಪೂರ್ತಿ ಕೆಡುತ್ತದೆ.

ಮರಕ್ಕೆ ಇದನ್ನು ಕೂರಿಸಿದ್ದು ಪುಷ್ಯ ಮಾಸದಲ್ಲಿ, ಜನವರಿ ಕೊನೆಗೆ. ಮರ ಒಣಗಿತ್ತು. ಬಿಗಿದಿದ್ದ ಜಾರು ಗಾಡಿ ತಾನಾಗಿಯೇ ಬಿಟ್ಟುಕೊಂಡಿತ್ತು. ಒಂದು ಗೀರೂ ತೆಗೆಯಬೇಕಾಗಲಿಲ್ಲ. ಬರಿ ಮೇಣದ ಬತ್ತಿ ಉಜ್ಜಿದೆ.

ಈಗ ಅತಿ ಮುಖ್ಯವಾದ ಕೆಲಸ. ಮೂವ್‌ಮೆಂಟ್ ಎಷ್ಟೇ ಇರಲಿ, ಸೊನ್ನೆ ಸರಿಯಾಗಿ ಸೊನ್ನೆ ಆಗಿರಬೇಕು. ಎಲ್ಲವನ್ನೂ ನಡುವಿಗೆ ತಂದಾಗ ಎರಡು ಚೌಕಟ್ಟು ಸಮಾನಾಂತರವಾಗಿಲ್ಲದಿದ್ದರೆ ಗೊತ್ತಿಲ್ಲದೆಯೇ ಸ್ವಲ್ಪ ಟಿಲ್ಟ್ ಸೇರಿಕೊಂಡಿರುತ್ತದೆ. ಚಿತ್ರದ ಒಂದು ಮೂಲೆ ಯಾಕೆ ಮಸುಕು ಅಂತ ತಿಂಗಳುಗಟ್ಟಲೆ ಹುಡುಕಬೇಕಾಗುತ್ತದೆ. ಮೊದಲು ನಾಲ್ಕೂ ಮೂಲೆಗಳ ನಡುವಿನ ದೂರವನ್ನು ಒಂದೇ ಉದ್ದದ ಬಿದಿರು ಕಡ್ಡಿಯಿಂದ ನೋಡಿದೆ. ಆಮೇಲೆ ಕನ್ನಡಿ. ಚಿತ್ರ ನೋಡುವ ಮಸುಕು ಗಾಜು ಹಿಂದೆ ಕೂರುವ ಜಾಗದಲ್ಲಿ ಒಂದು ಚಪ್ಪಟೆ ಕನ್ನಡಿ, ಲೆನ್ಸ್ ಹಲಗೆಯಲ್ಲಿ ಒಳಮುಖವಾಗಿ ಇನ್ನೊಂದು. ಎರಡನೆಯದರ ನಡುವೆ ಹಿಂಬದಿಯ ಲೇಪ ಕೆರೆದು ಒಂದು ಸಣ್ಣ ಕಿಂಡಿ. ಕಿಂಡಿಯಿಂದ ಇಣುಕಿದರೆ ಪ್ರತಿಬಿಂಬದೊಳಗೆ ಪ್ರತಿಬಿಂಬ, ಸುರಂಗದ ಹಾಗೆ ಕಾಣುತ್ತದೆ. ಸುರಂಗ ನೇರವಾಗಿದ್ದರೆ ಚೌಕಟ್ಟು ನೇರ. ಒಂದು ಬದಿಗೆ ಬಾಗಿದ್ದರೆ ಆ ಬದಿ ಓರೆ. ನನ್ನದು ಎಡಕ್ಕೆ ಬಾಗಿತ್ತು. ಹಿತ್ತಾಳೆ ಪಟ್ಟಿಯ ಅಡಿಗೆ ತೆಳು ತಗಡು ಸೇರಿಸಿ ಸರಿ ಮಾಡಿದೆ. ಸರಿಯಾದ ಜಾಗದಲ್ಲಿ ಪಟ್ಟಿ ಮತ್ತು ಮರದ ಮೂಲಕ ಒಂದು ತೂತು ಕೊರೆದು, ಓರೆ ಮೊನೆಯ ಪಿನ್ನು ಮಾಡಿದೆ. ಪಿನ್ನು ಚುಚ್ಚಿದರೆ ಅದು ಸೊನ್ನೆ. ಹಿಂದಿನ ಚೌಕಟ್ಟಿಗೆ ಸಣ್ಣ ರಸಮಟ್ಟ ಅಂಟಿಸಿದೆ. ಅಂಟಿಸುವ ಮುಂಚೆ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ತಾಳೆ ನೋಡಿದೆ.

ಗಾಜು, ಮತ್ತು ಒಂದು ಬಿಳಿ ಪಟ್ಟೆ

ಹಾಫ್‌ಪ್ಲೇಟ್ ಫಿಲ್ಮ್ ಸಿಗುವುದು ಕಷ್ಟ. ನಾಲ್ಕು ಇಂಚಿಗೆ ಐದು ಇಂಚಿನದು ಸಿಗುತ್ತದೆ. ಹಾಗಾಗಿ ಹಿಂಬದಿಗೆ ಆ ಅಳತೆಯ ಹೊಸ ಚೌಕಟ್ಟು ಮಾಡಿದೆ. ಗಾಜಿಗೆ 2 ಮಿ.ಮೀ. ಕಿಟಕಿ ಗಾಜು. 400ರ ಕಾರ್ಬೊರಂಡಂ ತಿಕ್ಕುಪುಡಿ, ಮೇಲೆ ನಾಲ್ಕು ಹನಿ ನೀರು, ಇನ್ನೊಂದು ಗಾಜಿನ ತುಂಡಿನಿಂದ ಎಂಟರ ಆಕಾರದಲ್ಲಿ ತಿಕ್ಕಬೇಕು. ಆಮೇಲೆ 600ರ ಪುಡಿ. ಅರ್ಧ ಗಂಟೆಗೆ ಹಾಲಿನ ಹಾಗೆ ಸಮನಾದ ಮಸುಕು ಬಂತು. ನಾಲ್ಕು ಮೂಲೆಗಳನ್ನು ಕತ್ತರಿಸಿ ತೆಗೆದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ತಿಕ್ಕಿದ ಮುಖ ಲೆನ್ಸಿನ ಕಡೆ ಇರಬೇಕು. ಅದು ಫಿಲ್ಮ್ ಕೂರುವ ಮಟ್ಟದಲ್ಲೇ ಇರಬೇಕು. ಈ ಅಳತೆಯ ಹೋಲ್ಡರ್‌ಗಳಲ್ಲಿ, ಅಂದರೆ ಫಿಲ್ಮ್ ತುಂಬಿಡುವ ತೆಳು ಪೆಟ್ಟಿಗೆಗಳಲ್ಲಿ, ಫಿಲ್ಮಿನ ಹಿಂದಿನ ತಗಡು 5 ಮಿ.ಮೀ. ಆಳದಲ್ಲಿರುತ್ತದೆ. ಫಿಲ್ಮಿನ ದಪ್ಪ ಸುಮಾರು 0.18. ಹಾಗಾಗಿ ಗಾಜಿನ ಮುಖ 4.8ರಲ್ಲಿ ಬರಬೇಕು. ನನ್ನದು ಮೊದಲು 4.5 ಬಂತು. ಮಾಮೂಲಿ ಪ್ರಿಂಟ್ ಕಾಗದದ ದಪ್ಪ ಸುಮಾರು 0.1 ಮಿ.ಮೀ. ಮೂರು ಪಟ್ಟಿ ಕತ್ತರಿಸಿ ಅಡಿಗೆ ಹಾಕಿದೆ.

ಮೊದಲ ಆರು ಫಿಲ್ಮ್ ಶೀಟುಗಳೂ ಹಾಳಾದವು. ಎಲ್ಲದರಲ್ಲೂ ಒಂದೇ ಬದಿಗೆ ಮಂಜಿನಂಥ ಪಟ್ಟೆ. ತಿದಿ ಅಂತ ಅಂದುಕೊಂಡೆ. ತಿದಿಯಲ್ಲ. ಶಟರ್ ಮುಚ್ಚಿಟ್ಟು, ಹೋಲ್ಡರಿನ ಮುಚ್ಚಳ ತೆಗೆದು, ಬಿಸಿಲಲ್ಲಿ ಹತ್ತು ನಿಮಿಷ ಕ್ಯಾಮೆರಾ ಇಟ್ಟೆ. ಆ ಶೀಟ್ ತೊಳೆದಾಗ ಪಟ್ಟೆ ಅಚ್ಚಾಗಿ ಬಂತು. ಅದು ನನ್ನ ಹೊಸ ಚೌಕಟ್ಟು ಮತ್ತು ಹೋಲ್ಡರ್ ಸೇರುವ ಗೆರೆಯಲ್ಲೇ ಇತ್ತು. ಹೋಲ್ಡರಿನ ತುದಿಯಲ್ಲಿ ಒಂದು ಸಣ್ಣ ಏಣು ಇರುತ್ತದೆ. ಅದು ಕೂರಲು ನಾನು ಗಾಡಿ ಕೊರೆದಿರಲಿಲ್ಲ. ಗಾಡಿ ಕೊರೆದು, ಸುತ್ತ ಕಪ್ಪು ವೆಲ್ವೆಟ್ ಪಟ್ಟಿ ಅಂಟಿಸಿದ ಮೇಲೆ ಪಟ್ಟೆ ಹೋಯಿತು.

ಲೆನ್ಸ್ ಶ್ನೈಡರ್ ಕಂಪನಿಯ ಸಿಮ್ಮಾರ್ ಎಸ್, 150 ಮಿ.ಮೀ. ಮೊದಲು ಒಂದು ಆನ್‌ಲೈನ್ ಮಾರಾಟಗಾರರಿಂದ ತರಿಸಿದ್ದರಲ್ಲಿ ಜೇಡರ ಬಲೆಯಂಥ ಬೂಷ್ಟು ಇತ್ತು. ಫೋಟೋದಲ್ಲಿ ಕಂಡಿರಲಿಲ್ಲ. ವಾಪಸ್ ಕಳಿಸಿದೆ. ಹಳೆ ಲೆನ್ಸ್ ಬಂದ ಕೂಡಲೇ ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ.

ತೋಟ

ಲೆನ್ಸ್ ಕೊಳ್ಳುವಾಗ ಅದು ಹಿಂದೆ ಬೀಳಿಸುವ ಬೆಳಕಿನ ವೃತ್ತ ಎಷ್ಟು ದೊಡ್ಡದು ಅಂತ ನೋಡಬೇಕು. ರೈಸ್ ಎಷ್ಟು ಸಿಗುತ್ತದೆ ಅನ್ನುವುದು ಕ್ಯಾಮೆರಾಕ್ಕಿಂತ ಜಾಸ್ತಿ ಅದರ ಮೇಲೆ ನಿಂತಿದೆ. ಸಿಮ್ಮಾರ್ ಎಸ್‌ನ ವೃತ್ತ ಎಫ್ 22ರಲ್ಲಿ, ಅಂದರೆ ಲೆನ್ಸಿನ ತೂತು ಕಿರಿದು ಮಾಡಿದಾಗ, 210 ಮಿ.ಮೀ. ಫಿಲ್ಮಿನಲ್ಲಿ ಚಿತ್ರ ಬೀಳುವ ಜಾಗ ಸುಮಾರು 96ಕ್ಕೆ 120. ಉದ್ದುದ್ದ ನಿಲ್ಲಿಸಿದರೆ ವೃತ್ತದ ಅಂಚು ತಾಗುವ ಮುಂಚೆ 33 ಮಿ.ಮೀ. ಏರಿಸಬಹುದು. ಅಡ್ಡಕ್ಕೆ ಇಟ್ಟರೆ 38.

ಇದು ತೋಟದಲ್ಲಿ ಏನು? ಮರದಿಂದ 18 ಮೀಟರ್ ದೂರ ನಿಂತರೆ ಫಿಲ್ಮಿನ ಒಂದು ಮಿ.ಮೀ. ಅಂದರೆ ಅಲ್ಲಿ ಸುಮಾರು 12 ಸೆಂ.ಮೀ. ಕ್ಯಾಮೆರಾ ಒಂದೂವರೆ ಮೀಟರ್ ಎತ್ತರದಲ್ಲಿದೆ. ರೈಸ್ ಇಲ್ಲದೆ ಮರದ ಎಂಟೂ ಮುಕ್ಕಾಲು ಮೀಟರ್ ಕಾಣುತ್ತದೆ. 33 ಮಿ.ಮೀ. ಏರಿಸಿದರೆ ಹನ್ನೆರಡೂವರೆ ಮೀಟರ್. ನಮ್ಮ ಹಳೆ ಮರಗಳ ಗೊನೆ, ಗರಿ ಎಲ್ಲ ಬಂತು. ಕೆಳಗೆ ಬೇಡದ ನೆಲ ಕಡಿಮೆಯಾಯಿತು.

ಅಪ್ಪನ ಕರಿ ಕಂಬಳಿ ಹೊದ್ದು ಗಾಜು ನೋಡಿದೆ. ಚಿತ್ರ ತಲೆಕೆಳಗು. ಮರಗಳು ಮೇಲಿನಿಂದ ಇಳಿಬಿಟ್ಟ ಹಗ್ಗದ ಹಾಗೆ, ಒಂದರ ಪಕ್ಕ ಒಂದು, ನೆಟ್ಟಗೆ. ಹತ್ತು ವರ್ಷದ ಮೇಲೆ ಅದನ್ನು ಕಂಡೆ. ಕಂಬಳಿಯೊಳಗೆ ಎಷ್ಟು ಹೊತ್ತು ನಿಂತೆನೋ. ಅಡಿಕೆ ಕೊನೆ ಕೊಯ್ಯಲು ಬಂದವರು ಏನಾಯಿತು ಅಂತ ಕೂಗಿ ಕೇಳಿದರು. ಅವರನ್ನೂ ಕಂಬಳಿಯೊಳಗೆ ಕರೆದೆ. ಅವರು ಮೊದಲು ಹೇಳಿದ್ದು, ಎಡಗಡೆ ಮೂರನೆಯ ಮರ ನಿಜವಾಗಿಯೂ ವಾಲಿದೆ, ಅದಕ್ಕೆ ಹತ್ತುವಾಗ ಎಚ್ಚರ ಬೇಕು ಅಂತ. ಗಾಜಿನಲ್ಲಿ ಅದೊಂದೇ ವಾಲಿತ್ತು. ಉಳಿದ ಎಲ್ಲವೂ ನೇರ. ಕ್ಯಾಮೆರಾ ಸರಿಯಾಗಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಾಗಲಿಲ್ಲ. ಒಂದು ಮಾತು: ಕಂಬಳಿಯ ಎಳೆ ಉದುರಿ ಗಾಜಿನ ಮೇಲೂ ಹೋಲ್ಡರಿನ ಮೇಲೂ ಕೂರುತ್ತದೆ. ಒಳಮುಖಕ್ಕೆ ಹತ್ತಿ ಬಟ್ಟೆ ಹೊಲಿಸಿದ್ದೇನೆ.

ಗಾಜಿನ ಕತ್ತರಿಸಿದ ಮೂಲೆ ಇಲ್ಲಿ ಬೇಕಾಯಿತು. ಲೆನ್ಸ್ ಜಾಸ್ತಿ ಏರಿಸಿದಾಗ ತಿದಿಯ ಮಡಿಕೆ ಜೋತು ಬಿದ್ದು ಚಿತ್ರಕ್ಕೆ ಅಡ್ಡ ಬರುತ್ತದೆ. ಆ ಮಬ್ಬು ಗಾಜಿನಲ್ಲಿ ಕಾಣುವುದಿಲ್ಲ. ಮೂಲೆಯ ಕಿಂಡಿಯಿಂದ ಲೆನ್ಸಿನ ಕಡೆ ನೋಡಿ. ಅದರ ತೂತು ಪೂರ್ತಿ ಕಂಡರೆ ಸರಿ. ಬೆಕ್ಕಿನ ಕಣ್ಣಿನ ಹಾಗೆ ಕಿರಿದಾಗಿದ್ದರೆ ಏನೋ ಅಡ್ಡ ಇದೆ. ನಾನು ತಿದಿಯ ನಡುವೆ ಒಂದು ಕುಣಿಕೆ ಹೊಲಿದು, ಹಿಂದಿನ ಚೌಕಟ್ಟಿನ ಕೊಕ್ಕೆಗೆ ಎತ್ತಿ ಕಟ್ಟುತ್ತೇನೆ.

ತೋಟದೊಳಗೆ ಬೆಳಕು ಕಡಿಮೆ. ಬೆಳಕು ಅಳೆಯುವ ಮೀಟರ್ 8 ಸೆಕೆಂಡ್ ತೋರಿಸಿತು. ಫಿಲ್ಮ್ ಇಲ್ಫೋರ್ಡ್ ಎಫ್‌ಪಿ4. ಹೊತ್ತು ಉದ್ದವಾದಷ್ಟೂ ಫಿಲ್ಮಿನ ಚುರುಕು ಕಡಿಮೆಯಾಗುತ್ತದೆ. ಕಂಪನಿ ಕೊಟ್ಟ ಲೆಕ್ಕದಲ್ಲಿ 8ಕ್ಕೆ ಸುಮಾರು 14 ಸೆಕೆಂಡ್. ಗಾಳಿ ನಿಂತ ಮುಂಜಾನೆಯೇ ಬೇಕು.

ಬಾಗಿಸುವುದು ಎಲ್ಲಿ, ಬೇಡದ್ದು ಎಲ್ಲಿ

ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಚಾಪೆ ಹಾಸಿ ಒಣಗಿಸಿದ್ದೆವು. ಕಾಲಬುಡದ ಚೂರಿನಿಂದ ಆ ತುದಿಯವರೆಗೆ ಎಲ್ಲವೂ ಸ್ಪಷ್ಟ ಬರಬೇಕು. ಟಿಲ್ಟ್ ಇರುವುದೇ ಇದಕ್ಕೆ. ಆಸ್ಟ್ರಿಯಾದ ಸೇನೆಯ ಕ್ಯಾಪ್ಟನ್ ಥಿಯೋಡರ್ ಶೈಮ್‌ಫ್ಲುಗ್ ಆಕಾಶದಿಂದ ತೆಗೆದ ಚಿತ್ರಗಳನ್ನು ನಕ್ಷೆಗೆ ಸರಿಪಡಿಸಲು 1904ರಲ್ಲಿ ಪೇಟೆಂಟಿನಲ್ಲಿ ಬರೆದ ನಿಯಮ ಇದು. ಫಿಲ್ಮಿನ ಮಟ್ಟ, ಲೆನ್ಸಿನ ಮಟ್ಟ, ಸ್ಪಷ್ಟ ಬೀಳುವ ಮಟ್ಟ, ಮೂರೂ ಒಂದೇ ಗೆರೆಯಲ್ಲಿ ಸೇರುತ್ತವೆ. ಲೆನ್ಸನ್ನು ಮುಂದಕ್ಕೆ ಬಾಗಿಸಿದರೆ ಸ್ಪಷ್ಟತೆಯ ಮಟ್ಟ ನೆಲದ ಮೇಲೆ ಮಲಗುತ್ತದೆ. ಎಷ್ಟು ಬಾಗಿಸಬೇಕು? ತೀರ ಸ್ವಲ್ಪ. ಕ್ಯಾಮೆರಾ ಒಂದೂವರೆ ಮೀಟರ್ ಎತ್ತರ, ಲೆನ್ಸ್ 150 ಮಿ.ಮೀ. ಆದರೆ ಆರು ಡಿಗ್ರಿಯೂ ಬೇಡ. ಹೊಸಬರು ಎಲ್ಲರೂ ಜಾಸ್ತಿ ಬಾಗಿಸುತ್ತಾರೆ. ದೂರದ ಚಾಪೆಗೆ ಫೋಕಸ್ ಮಾಡಿ, ಹತ್ತಿರದ್ದು ಸ್ಪಷ್ಟವಾಗುವವರೆಗೆ ನಿಧಾನ ಬಾಗಿಸಿ, ಮತ್ತೆ ದೂರದ್ದಕ್ಕೆ ಫೋಕಸ್. ಮೂರು ಸಲ ಮಾಡಿದರೆ ಸಾಕು.

ಆದರೆ ತೋಟದ ಚಿತ್ರಕ್ಕೆ ಟಿಲ್ಟ್ ಬೇಡ. ಸ್ಪಷ್ಟ ಬೀಳುವ ಜಾಗ ಆಗ ಬೆಣೆಯ ಆಕಾರದಲ್ಲಿರುತ್ತದೆ, ಕ್ಯಾಮೆರಾ ಹತ್ತಿರ ತೆಳು, ದೂರ ಹೋದ ಹಾಗೆ ದಪ್ಪ. ಹತ್ತಿರದ ಮರದ ಬುಡ ಸ್ಪಷ್ಟ ಬಂದರೆ ಅದರ ತುದಿ ಬೆಣೆಯಿಂದ ಹೊರಗೆ. ಅಲ್ಲಿ ಪಿನ್ನು ಚುಚ್ಚಿ ಎಫ್ 32ಕ್ಕೆ ಇಳಿಸುವುದೇ ದಾರಿ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ಬೇರೆ ತೊಂದರೆ. ಅದು ಸಂರಕ್ಷಿತ ಸ್ಮಾರಕ, ಟ್ರೈಪಾಡ್‌ಗೆ ಮೊದಲೇ ಅನುಮತಿ ತೆಗೆದುಕೊಂಡು ಹೋಗಿ. ಎದುರಿಗೇ ನಂದಿ ಮಂಟಪ. ನಡುವೆ ನಿಂತರೆ ಮಂಟಪ ಅಡ್ಡ, ಪಕ್ಕಕ್ಕೆ ಸರಿದು ಕ್ಯಾಮೆರಾ ತಿರುಗಿಸಿದರೆ ದೇವಸ್ಥಾನದ ಮುಖ ಓರೆ. ಶಿಫ್ಟ್ ಬೇಕು. ನನ್ನದರಲ್ಲಿ ಶಿಫ್ಟ್ ಇಲ್ಲ. ಕ್ಯಾಮೆರಾವನ್ನೇ ಪಕ್ಕಕ್ಕೆ ಮಲಗಿಸಿ ಕಟ್ಟಿದೆ. ರೈಸ್ ಈಗ ಶಿಫ್ಟ್ ಆಯಿತು. 30 ಮೀಟರ್ ದೂರಕ್ಕೆ 33 ಮಿ.ಮೀ. ಅಂದರೆ ಸುಮಾರು ಆರೂವರೆ ಮೀಟರ್. ಪಕ್ಕದಲ್ಲಿ ನಿಂತು ಎದುರಿನಿಂದ ನೋಡಿದ ಹಾಗೆ, ಕಲ್ಲಿನ ಗೆರೆಗಳು ಒಂದೂ ಓರೆಯಾಗದೆ ಬಂದವು.

ಜೋಗದಲ್ಲಿ ಫಾಲ್ ಉಪಯೋಗಕ್ಕೆ ಬಂತು. ಎದುರಿನ ದಂಡೆಯಲ್ಲಿ ನಿಂತರೆ 253 ಮೀಟರ್ ಆಳದ ಗುಂಡಿ ಕಾಲ ಕೆಳಗೆ. ಕ್ಯಾಮೆರಾ ಬಗ್ಗಿಸಿದರೆ ಬಂಡೆಯ ಗೋಡೆ ಕೆಳಗೆ ಕಿರಿದಾಗುತ್ತದೆ. ಲೆನ್ಸ್ ಇಳಿಸಿದೆ, ರಾಜ ನೇರವಾಗಿ ಬಿದ್ದ.

ಮಾರ್ಚ್‌ನಲ್ಲಿ ಹಿಂಗಾರದ, ಅಂದರೆ ಅಡಿಕೆ ಹೂಗೊಂಚಲಿನ, ಚಿತ್ರ ಹತ್ತಿರದಿಂದ ತೆಗೆದೆ. ತಿದಿ 225 ಮಿ.ಮೀ. ಚಾಚಿತ್ತು. 150ರ ಒಂದೂವರೆ ಪಟ್ಟು. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ 2.25, ಅಷ್ಟು ಪಟ್ಟು ಬೆಳಕು ಜಾಸ್ತಿ ಕೊಡಬೇಕು. ಇದನ್ನು ಮರೆತು ಒಂದು ಶೀಟ್ ತೆಳುವಾಯಿತು. ಈಗ ಕೆಳಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದೇನೆ.

ಮೊನ್ನೆ ಮೊದಲ ಗುಡುಗು ಕೇಳಿಸಿತು. ಲೆನ್ಸ್ ಮತ್ತು ಹೋಲ್ಡರ್‌ಗಳು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಗೆ ಹೋದವು. ಕ್ಯಾಮೆರಾ ಜಗಲಿಯ ಕಪಾಟಿನಲ್ಲಿದೆ. ಜಾರು ಗಾಡಿಯಲ್ಲಿ ಈಗ 0.8 ಮಿ.ಮೀ. ಸಂದು ಇದೆ. ಅದನ್ನು ಹಲಗೆಯ ಅಡಿಯಲ್ಲಿ ತಾರೀಕು ಹಾಕಿ ಬರೆದಿದ್ದೇನೆ. ಪುನರ್ವಸು ಮಳೆ ಹಿಡಿದ ಮೇಲೆ ಇನ್ನೊಮ್ಮೆ ಅಳೆದು, ಅದರ ಪಕ್ಕದಲ್ಲೇ ಬರೆಯುತ್ತೇನೆ.